ಕಿವಿಗೆ ಹೂ, ಹಣೆಗೆ ನಾಮ

ಪ್ರಶ್ನೆ: ಹೇಳಿದ್ದನ್ನೆಲ್ಲ ನಂಬುತ್ತೇನೆ ಅಂತ ಗೆಳತಿಯರು ನನ್ನನ್ನು ‘ಬಕ್ರಾ’ ಅನ್ನುತ್ತಾರೆ. ಅಜ್ಜಿ ಮಾತ್ರ ‘ನಿನ್ನ ಕಿವಿ ಮೇಲೆ ಹೂ ಇಟ್ರಲ್ಲೇ’ ಅನ್ನುತ್ತಾರೆ. ಎರಡೂ ಒಂದೇನಾ? ಟೋಪಿ, ಪಂಗನಾಮ ಎಲ್ಲ ಯಾವಾಗ ಬಳಸಬೇಕು?

ಉತ್ತರ: ಒಂದೇ ಅಲ್ಲ ತಾಯಿ. ಬಕ್ರಾ ಆಗಲು ಏನನ್ನೂ ಕಳೆದುಕೊಳ್ಳಬೇಕಿಲ್ಲ, ಸುತ್ತ ನಿಂತವರು ನಕ್ಕರೆ ಸಾಕು. ಹತ್ತೊಂಬತ್ತನೇ ವಯಸ್ಸಿನಲ್ಲಿ ಕರಡು ತಿದ್ದಲು ಒಂದು ಅಚ್ಚುಕೂಟ ಸೇರಿದೆ. ಮೂರನೇ ದಿನ ಅಚ್ಚಿನ ಮೊಳೆ ಜೋಡಿಸುವ ಹಿರಿಯರೊಬ್ಬರು, ‘ಓರೆ ಅಕ್ಷರಕ್ಕೆ ಬೇರೆ ಶಾಯಿ ಬೇಕಪ್ಪ, ಮುಗಿದುಹೋಗಿದೆ, ಪಕ್ಕದ ಪ್ರೆಸ್ಸಲ್ಲಿ ಇಸ್ಕೊಂಡು ಬಾ’ ಅಂದರು. ಹೋದೆ. ಅಲ್ಲಿದ್ದವರು ಒಂಚೂರೂ ನಗದೆ, ‘ಅಯ್ಯೋ, ಈಗ ತಾನೇ ಖಾಲಿಯಾಯ್ತಲ್ಲ, ಮುಂದಿನ ಬೀದೀಲಿ ನೋಡು’ ಅಂದರು. ಖಾಲಿ ಡಬ್ಬಿ ಹಿಡಿದು ಮೂರು ಪ್ರೆಸ್ ಸುತ್ತಿದೆ. ಓರೆಯಾಗಿರುವುದು ಮೊಳೆ, ಶಾಯಿಯಲ್ಲ ಅಂತ ಹೊಳೆದಾಗ ಮೂರನೆಯದರ ಬಾಗಿಲಲ್ಲಿದ್ದೆ. ಇಂಥದ್ದಕ್ಕೆ ಆಗ ‘ಬೇಸ್ತು ಬಿದ್ದ’, ‘ಮಂಗನಾದ’ ಅನ್ನುತ್ತಿದ್ದರು. ಬಕ್ರಾ ಹಿಂದಿಯಿಂದ ಬಂದ ಹೋತ. ನಮ್ಮ ಕುರಿಯನ್ನು ಪಕ್ಕಕ್ಕೆ ತಳ್ಳಿ ಕೂತಿದೆ.

ಹೂವಿನ ಮಾತು ಬೇರೆ. ತಮಿಳರು ಕಿವಿಗೆ ಹೂ ಸುತ್ತುತ್ತಾರೆ, ತೆಲುಗರು ಕಿವಿಯೊಳಗೇ ಇಡುತ್ತಾರೆ, ನಾವು ಮೇಲಿಡುತ್ತೇವೆ. ಇದರ ಸೊಗಸೆಂದರೆ, ಇಡುತ್ತಿರುವಾಗಲೇ ಕೈ ಹಿಡಿಯಬಹುದು: ‘ಏನಯ್ಯಾ, ನನ್ನ ಕಿವಿ ಮೇಲೆ ಹೂ ಇಡ್ತಿದ್ದೀಯಾ?’ ಟೋಪಿಗೆ ಆ ಸವಲತ್ತಿಲ್ಲ. ಹಾಕಿಸಿಕೊಂಡವರ ಬಾಯಲ್ಲಿ ಅದು ಯಾವಾಗಲೂ ಭೂತಕಾಲ: ‘ಹಾಕಿದ ಕಣೋ ಟೋಪಿ!’ ಟೋಪಿಗೂ ಪಂಗನಾಮಕ್ಕೂ ಸಾಮಾನ್ಯವಾಗಿ ದುಡ್ಡು ಹೋಗಿರಬೇಕು. ‘ಚಳ್ಳೆಹಣ್ಣು ತಿನ್ನಿಸುವುದು’ ಕಾವಲಿದ್ದವರಿಗೆ. ಅದಕ್ಕೇ ಪತ್ರಿಕೆಗಳಲ್ಲಿ ಪೊಲೀಸರೇ ಅದನ್ನು ತಿನ್ನುತ್ತಿರುತ್ತಾರೆ. ಆ ಹಣ್ಣಿನ ಲೋಳೆ ಗೋಂದಿನ ಹಾಗೆ ಅಂಟುತ್ತದೆ, ಬಾಯಿ ಬಿಡಿಸಿಕೊಳ್ಳುವಷ್ಟರಲ್ಲಿ ಕಳ್ಳ ಊರು ದಾಟಿರುತ್ತಾನೆ.

ಒಂದು ಸಂಗತಿ ಗಮನಿಸಿದಿರಾ? ಹೂ ಕಿವಿಗೆ, ಟೋಪಿ ತಲೆಗೆ, ನಾಮ ಹಣೆಗೆ. ಮೋಸಗಾರ ಬಡಿಯುವುದಿಲ್ಲ, ಸಿಂಗರಿಸುತ್ತಾನೆ. ಅದೂ ಎಲ್ಲಿ? ಕನ್ನಡಿಯಿಲ್ಲದೆ ನಮಗೆ ಕಾಣದ ಜಾಗದಲ್ಲಿ. ಎದುರಿಗೆ ಬಂದವರಿಗೆಲ್ಲ ಕಾಣುತ್ತದೆ. ನಿಮ್ಮ ಅಜ್ಜಿಗೆ ಕಂಡದ್ದು ಹಾಗೆ. ಮೂಗಿಗೆ ತುಪ್ಪ ಸವರಿದರೆ ಮಾತ್ರ ನಮಗೂ ಗೊತ್ತಾಗುತ್ತದೆ. ಘಮ ಬರುತ್ತದೆ, ನಾಲಿಗೆಗೆ ಎಟುಕುವುದಿಲ್ಲ. ‘ಮುಂದಿನ ವರ್ಷ ನಿನಗೇ ಬಡ್ತಿ’ ಅನ್ನುವ ಮೇಲಧಿಕಾರಿಗೆ ಈ ಮಾತನ್ನು ಮೀಸಲಿಡಿ.

ಪ್ರಶ್ನೆ: ಮೋಸಗಾರರನ್ನು ‘ಫೋರ್ ಟ್ವೆಂಟಿ’ ಅಂತ ಬೈಯುತ್ತಿದ್ದೆವು. ಈಗ ಕಾನೂನೇ ಬದಲಾಗಿದೆಯಲ್ಲ, ಬೈಗುಳವೂ ಬದಲಾಗಬೇಕೇ?

ಉತ್ತರ: 1860ರ ಭಾರತೀಯ ದಂಡ ಸಂಹಿತೆಯ 420ನೇ ಕಲಮು ವಂಚನೆಯದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಾಗಿ, ಅದು 318ನೇ ಕಲಮಿನ ನಾಲ್ಕನೇ ಉಪಕಲಮಾಯಿತು. ‘ಲೋ ಮುನ್ನೂರ ಹದಿನೆಂಟರ ನಾಲ್ಕು’ ಅಂತ ಒಮ್ಮೆ ಜೋರಾಗಿ ಬೈದು ನೋಡಿ. ಎದುರಿನವನು ಮನೆ ನಂಬರ್ ಅಂದುಕೊಳ್ಳುತ್ತಾನೆ. ಹಳೆಯದೇ ಇರಲಿ.

ಪ್ರಶ್ನೆ: ಕೋಲೆಬಸವ ಅಂದರೂ ಸುಲಭಕ್ಕೆ ಮೋಸಹೋಗುವವನೇ ತಾನೇ?

ಉತ್ತರ: ಅಲ್ಲ. ಕೋಲೆಬಸವ ಎಲ್ಲದಕ್ಕೂ ತಲೆಯಾಡಿಸುತ್ತದೆ, ನಂಬಬೇಕೆಂದೇನಿಲ್ಲ. ಕೆಲವು ಕೋಲೆಬಸವಗಳು ಭಾರಿ ಚಾಲಾಕಿ. ನೀವು ಹುಡುಕುತ್ತಿರುವ ಮನುಷ್ಯ ಬೇರೆ: ಎತ್ತು ಈಯಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಅಂದನಲ್ಲ, ಅವನು.