ಐಇಎಲ್‌ಟಿಎಸ್: ರೈಟಿಂಗ್ ಬ್ಯಾಂಡ್ ಮಾತ್ರ ಯಾಕೆ ಮೇಲೇಳುತ್ತಿಲ್ಲ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಐಇಎಲ್‌ಟಿಎಸ್ ಅಕಾಡೆಮಿಕ್ ಬಗ್ಗೆಯೇ ಇವೆ, ಅಂದರೆ ಇಂಗ್ಲಿಷಿನಲ್ಲಿ ಕಲಿಸುವ ವಿಶ್ವವಿದ್ಯಾಲಯ ಸೇರಲು ಬರೆಯುವ ಇಂಗ್ಲಿಷ್ ಪರೀಕ್ಷೆ. ಇದರಲ್ಲಿ ಅಂಕವನ್ನು 9ರವರೆಗಿನ ‘ಬ್ಯಾಂಡ್’ ಲೆಕ್ಕದಲ್ಲಿ ಕೊಡುತ್ತಾರೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರ ಕೊಟ್ಟಿದ್ದೇನೆ.

ಪ್ರಶ್ನೆ: ಮೇಡಂ, ಎರಡನೇ ಸಲ ಬರೆದೆ. ಲಿಸನಿಂಗ್ 7.5, ರೀಡಿಂಗ್ 7, ಸ್ಪೀಕಿಂಗ್ 6.5. ರೈಟಿಂಗ್ ಮಾತ್ರ ಮತ್ತೆ 5.5. ಒಟ್ಟು 6.5 ಬಂದಿದೆ, ಆದರೆ ನಾನು ಸೇರಬೇಕಾದ ಕೋರ್ಸಿಗೆ ಯಾವ ವಿಭಾಗದಲ್ಲೂ 6ಕ್ಕಿಂತ ಕಡಿಮೆ ಇರುವ ಹಾಗಿಲ್ಲ. ಮೂವತ್ತು ಪ್ರಬಂಧ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಎಲ್ಲಿ ತಪ್ಪಿದೆ?

ಆ ಮೂವತ್ತು ಪ್ರಬಂಧದಲ್ಲೇ ತಪ್ಪಿದ್ದೀರಿ. ಬೇಜಾರು ಮಾಡ್ಕೋಬೇಡಿ, ಇಷ್ಟು ಕಷ್ಟಪಟ್ಟು ಓದುವವರು ಇನ್ನೊಂದು ದಾರಿ ಹಿಡಿದರೆ ಅರ್ಧ ಬ್ಯಾಂಡ್ ಖಂಡಿತ ಏರಿಸಬಹುದು.

ಪರೀಕ್ಷಕರು ನಾಲ್ಕು ವಿಷಯ ನೋಡುತ್ತಾರೆ. ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಾ, ವಿಚಾರಗಳು ಒಂದರ ಹಿಂದೆ ಒಂದು ಕೂಡಿಕೊಂಡು ಬಂದಿವೆಯಾ, ಪದಗಳು ಹೇಗಿವೆ, ವ್ಯಾಕರಣ ಹೇಗಿದೆ. ನಾಲ್ಕಕ್ಕೂ ಸಮಪಾಲು. ಬಾಯಿಪಾಠ ಮಾಡಿದ ಪ್ರಬಂಧ ಮೊದಲನೆಯದರಲ್ಲೇ ಬೀಳುತ್ತದೆ. ಒಂದು ಉದಾಹರಣೆ ನೋಡಿ. ‘ವಿಶ್ವವಿದ್ಯಾಲಯದ ಶಿಕ್ಷಣ ಎಲ್ಲರಿಗೂ ಉಚಿತವಾಗಿರಬೇಕು ಎಂಬ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?’ ಅಂತ ಪ್ರಶ್ನೆ ಬಂತು ಅಂದುಕೊಳ್ಳಿ. ಬಾಯಿಪಾಠ ಮಾಡಿದವರು ‘ಶಿಕ್ಷಣ’ ಅನ್ನೋ ಒಂದು ಪದ ಕಂಡ ತಕ್ಷಣ, ಶಿಕ್ಷಣದಿಂದ ಏನೇನು ಲಾಭ, ಓದಿದವರಿಗೆ ಕೆಲಸ ಸಿಗುತ್ತದೆ, ದೇಶ ಮುಂದೆ ಬರುತ್ತದೆ ಅಂತ ಎರಡು ಪುಟ ಬರೆದುಬಿಡುತ್ತಾರೆ. ಇಂಗ್ಲಿಷ್ ಚೆನ್ನಾಗೇ ಇರುತ್ತದೆ. ಆದರೆ ಕೇಳಿದ್ದು ಶಿಕ್ಷಣ ಒಳ್ಳೆಯದಾ ಅಂತ ಅಲ್ಲ. ಫೀಸು ಯಾರು ಕಟ್ಟಬೇಕು, ‘ಎಲ್ಲರಿಗೂ’ ಅಂದಾಗ ಉಳ್ಳವರ ಮಕ್ಕಳೂ ಸೇರುತ್ತಾರಲ್ಲ, ಅದು ಸರಿಯಾ, ನಿಮ್ಮ ನಿಲುವು ಏನು? ಇದನ್ನು ಮುಟ್ಟದೆ ಎಷ್ಟು ಬರೆದರೂ ಬ್ಯಾಂಡ್ ಏಳುವುದಿಲ್ಲ. ಅದೂ ಅಲ್ಲದೆ ಮಧ್ಯೆ ಮಧ್ಯೆ ಬಾಯಿಪಾಠದ ದೊಡ್ಡ ದೊಡ್ಡ ವಾಕ್ಯ, ಅದರ ಪಕ್ಕದಲ್ಲೇ ನಿಮ್ಮ ಸ್ವಂತ ವಾಕ್ಯ, ಎರಡೂ ಬೇರೆ ಬೇರೆ ಕೈಯವು ಅಂತ ಪರೀಕ್ಷಕರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇನ್ನು ಟಾಸ್ಕ್ 1, ಅಂದರೆ ಗ್ರಾಫ್ ಅಥವಾ ಟೇಬಲ್ ವಿವರಿಸುವುದು. ಇಲ್ಲಿ ಅಂಕಿಗಳನ್ನು ಸಾಲಾಗಿ ಓದಿ ಹೇಳುವವರೇ ಜಾಸ್ತಿ. 2000ದಲ್ಲಿ ಇಷ್ಟಿತ್ತು, 2005ರಲ್ಲಿ ಅಷ್ಟಾಯಿತು, 2010ರಲ್ಲಿ ಮತ್ತೆ ಇಷ್ಟು. ಒಟ್ಟಾರೆ ಚಿತ್ರ ಏನು ಅಂತ ಎರಡು ವಾಕ್ಯದಲ್ಲಿ ಹೇಳಬೇಕು, ಅದನ್ನೇ ಓವರ್‌ವ್ಯೂ ಅನ್ನುತ್ತಾರೆ. ಅದು ಇಲ್ಲದಿದ್ದರೆ ಆ ಟಾಸ್ಕಿನ ಮೊದಲ ಅಳತೆಯಲ್ಲಿ 5ರ ಹತ್ತಿರವೇ ನಿಂತುಬಿಡುತ್ತೀರಿ. ಹಾಗೇ, ಏರಿಕೆಗೆ ಕಾರಣ ಇದಿರಬಹುದು ಅಂತ ನಿಮ್ಮ ಊಹೆ ಸೇರಿಸಬೇಡಿ. ಗ್ರಾಫಿನಲ್ಲಿ ಇರುವುದಷ್ಟೇ ಸಾಕು.

ಸಮಯದ ಬಗ್ಗೆ ಒಂದು ಮಾತು. ಒಟ್ಟು 60 ನಿಮಿಷ. ಟಾಸ್ಕ್ 1ಕ್ಕೆ ಕನಿಷ್ಠ 150 ಪದ, ಟಾಸ್ಕ್ 2, ಅಂದರೆ ಪ್ರಬಂಧಕ್ಕೆ ಕನಿಷ್ಠ 250. ಅಂಕ ಕೊಡುವಾಗ ಟಾಸ್ಕ್ 2ಕ್ಕೆ ಎರಡರಷ್ಟು ತೂಕ. ಮೊದಲನೆಯದಕ್ಕೇ ಅರ್ಧ ಗಂಟೆ ಕಳೆದುಬಿಟ್ಟರೆ ಜಾಸ್ತಿ ಅಂಕದ ಪ್ರಬಂಧಕ್ಕೆ ಸಮಯ ಸಾಲುವುದಿಲ್ಲ, ಅಲ್ವಾ? 20 ನಿಮಿಷ ಆದ ತಕ್ಷಣ ಟಾಸ್ಕ್ 1 ಬಿಟ್ಟು ಮುಂದೆ ಹೋಗಿ.

ಇನ್ನು ಮುಂದೆ ಹೊಸ ಪ್ರಬಂಧ ಕಡಿಮೆ ಬರೆಯಿರಿ. ಒಂದೇ ಪ್ರಬಂಧವನ್ನು ಮೂರು ಸಲ ಬರೆಯಿರಿ. ಮೊದಲ ಸಲ ಗಡಿಯಾರ ಇಟ್ಟುಕೊಂಡು ಬರೆದು ಮುಚ್ಚಿಡಿ. ಮಾರನೇ ದಿನ ಕೆಂಪು ಪೆನ್ನು ಹಿಡಿದು ಕೂತು ಪ್ರತಿ ವಾಕ್ಯ ಓದಿ. ನಮ್ಮ ಕನ್ನಡದಲ್ಲಿ ‘ಎ’, ‘ಆನ್’, ‘ದಿ’ ತರಹದ ಪದಗಳಿಲ್ಲ, ಹಾಗಾಗಿ ಇಂಗ್ಲಿಷ್ ಬರೆಯುವಾಗ ಅವು ಕೈಬಿಟ್ಟುಹೋಗುತ್ತವೆ. ‘ಹಿ’, ‘ಶಿ’ ಬಂದಾಗ ಕ್ರಿಯಾಪದದ ಕೊನೆಯ ‘ಎಸ್’ ಕೂಡ ಹಾಗೇ. ನಿಮ್ಮ ತಪ್ಪುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಎಣಿಸಿ ಬರೆದಿಡಿ. ಎರಡು ವಾರದಲ್ಲಿ ಗೊತ್ತಾಗುತ್ತದೆ, ಇರುವುದು ನೂರು ತರಹದ ತಪ್ಪಲ್ಲ, ನಾಲ್ಕೈದೇ ತಪ್ಪು ಮತ್ತೆ ಮತ್ತೆ ಬರುತ್ತಿದೆ ಅಂತ. ನನ್ನ ಹತ್ತಿರ ಕಲಿತವರಲ್ಲಿ ರೈಟಿಂಗ್ ಏರಿದ್ದು ಹೆಚ್ಚಾಗಿ ಹೀಗೇ.

ನೀವು ಕಂಪ್ಯೂಟರ್‌ನಲ್ಲಿ ಬರೆದಿದ್ದರೆ, ಒಂದೇ ವಿಭಾಗವನ್ನು ಮತ್ತೆ ಬರೆಯುವ ಅವಕಾಶ ಹಲವು ಕೇಂದ್ರಗಳಲ್ಲಿ ಇದೆ. ವನ್ ಸ್ಕಿಲ್ ರೀಟೇಕ್ ಅಂತ ಅದರ ಹೆಸರು. ಮೊದಲ ಪರೀಕ್ಷೆ ಆಗಿ 60 ದಿನದ ಒಳಗೆ ಬರೆಯಬೇಕು. ಆದರೆ ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಒಪ್ಪುವುದಿಲ್ಲ. ದುಡ್ಡು ಕಟ್ಟುವ ಮೊದಲು ಅವರಿಗೇ ಇಮೇಲ್ ಹಾಕಿ ಕೇಳಿಬಿಡಿ.

ಪ್ರಶ್ನೆ: ರೀಡಿಂಗ್‌ನಲ್ಲಿ ಫಾಲ್ಸ್ ಯಾವುದು, ನಾಟ್ ಗಿವನ್ ಯಾವುದು ಅಂತ ಪ್ರತಿ ಸಲ ಗೊಂದಲ. ಮೂರನೇ ಪ್ಯಾಸೇಜ್ ಮುಟ್ಟುವಷ್ಟರಲ್ಲಿ ಸಮಯವೂ ಮುಗಿದಿರುತ್ತದೆ.

ಕೊಟ್ಟ ಹೇಳಿಕೆ ಪ್ಯಾಸೇಜಿನ ಜೊತೆ ಹೊಂದಿದರೆ ಟ್ರೂ, ಅದಕ್ಕೆ ವಿರುದ್ಧ ಇದ್ದರೆ ಫಾಲ್ಸ್, ಪ್ಯಾಸೇಜ್ ಅದರ ಬಗ್ಗೆ ಏನೂ ಹೇಳದಿದ್ದರೆ ನಾಟ್ ಗಿವನ್. ಇಲ್ಲೇ ಒಂದು ಚಿಕ್ಕ ಅಭ್ಯಾಸ ಮಾಡೋಣ. ಪ್ಯಾಸೇಜಿನಲ್ಲಿ ಹೀಗಿದೆ ಅಂದುಕೊಳ್ಳಿ: ‘ಗ್ರಂಥಾಲಯ ಕಟ್ಟಿ ಮುಗಿಸಲು ಆರು ವರ್ಷ ಹಿಡಿಯಿತು. ಖರ್ಚು ಮೊದಲು ಲೆಕ್ಕ ಹಾಕಿದ್ದಕ್ಕಿಂತ ಜಾಸ್ತಿಯಾಯಿತು.’ ಈಗ ಎರಡು ಹೇಳಿಕೆಗಳು. ಒಂದು, ‘ಗ್ರಂಥಾಲಯ ಲೆಕ್ಕ ಹಾಕಿದ ದುಡ್ಡಿನಲ್ಲೇ ಮುಗಿಯಿತು.’ ಇದು ಫಾಲ್ಸ್. ಪ್ಯಾಸೇಜ್ ನೇರವಾಗಿ ಇದರ ವಿರುದ್ಧ ಹೇಳುತ್ತದೆ. ಎರಡು, ‘ಗ್ರಂಥಾಲಯ ಅಂದುಕೊಂಡಿದ್ದಕ್ಕಿಂತ ತಡವಾಗಿ ಮುಗಿಯಿತು.’ ಆರು ವರ್ಷ ಅಂದರೆ ತಡವೇ ಅಂತ ನಮಗೆ ಅನ್ನಿಸುತ್ತದೆ. ಆದರೆ ಎಷ್ಟು ವರ್ಷದಲ್ಲಿ ಮುಗಿಸಬೇಕು ಅಂತಿತ್ತು ಅಂತ ಪ್ಯಾಸೇಜ್ ಹೇಳಿಯೇ ಇಲ್ಲ. ಆರೇ ವರ್ಷ ಅಂತ ಮೊದಲೇ ನಿಗದಿಯಾಗಿದ್ದಿರಬಹುದು. ಹಾಗಾಗಿ ನಾಟ್ ಗಿವನ್. ಫಾಲ್ಸ್ ಅಂತ ಬರೆಯುವ ಮೊದಲು ‘ಇದರ ವಿರುದ್ಧ ಹೇಳುವ ಪದಗಳ ಮೇಲೆ ನಾನು ಬೆರಳಿಡಬಲ್ಲೆನಾ?’ ಅಂತ ಕೇಳಿಕೊಳ್ಳಿ. ಬೆರಳಿಡಲು ಜಾಗ ಸಿಗದಿದ್ದರೆ ಅದು ಫಾಲ್ಸ್ ಅಲ್ಲ. ನಿಮಗೆ ಆ ವಿಷಯ ಮೊದಲೇ ಗೊತ್ತಿದ್ದರಂತೂ ಇನ್ನೂ ಹುಷಾರಾಗಿರಿ.

ಸಮಯದ ವಿಷಯಕ್ಕೆ ಬಂದರೆ, ಮೂರು ಪ್ಯಾಸೇಜ್, 40 ಪ್ರಶ್ನೆ, 60 ನಿಮಿಷ. ಸಾಮಾನ್ಯವಾಗಿ ಪ್ಯಾಸೇಜುಗಳು ಹೋಗ್ತಾ ಹೋಗ್ತಾ ಕಷ್ಟ ಆಗುತ್ತವೆ, ಹಾಗಾಗಿ ಮೊದಲನೆಯದನ್ನು 15-17 ನಿಮಿಷದಲ್ಲಿ ಮುಗಿಸಲು ನೋಡಿ. ಒಂದೇ ಪ್ರಶ್ನೆಗೆ ಎರಡು ನಿಮಿಷ ಅಂಟಿಕೊಂಡು ಕೂರಬೇಡಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಒಂದು ಗುರುತು ಹಾಕಿ ಮುಂದೆ ಹೋಗಿ. ಅಕಾಡೆಮಿಕ್ ರೀಡಿಂಗ್‌ನಲ್ಲಿ 40ಕ್ಕೆ 30 ಸರಿಯಾದರೆ ಸುಮಾರು ಬ್ಯಾಂಡ್ 7 ಬರುತ್ತದೆ. ಅಂದರೆ ಹತ್ತು ತಪ್ಪಿಗೆ ಜಾಗ ಇದೆ.

ಪ್ರಶ್ನೆ: ಲಿಸನಿಂಗ್‌ನಲ್ಲಿ ಉತ್ತರ ಗೊತ್ತಿದ್ದರೂ ಅಂಕ ಹೋಗುತ್ತಿದೆ.

ಸ್ಪೆಲಿಂಗ್ ನೋಡಿಕೊಳ್ಳಿ. ಎರಡು ಪದಕ್ಕಿಂತ ಹೆಚ್ಚು ಬೇಡ ಅಂತ ಹೇಳಿದ್ದರೆ ಮೂರು ಪದ ಬರೆದ ಉತ್ತರ ಪೂರ್ತಿ ತಪ್ಪು. ಬಹುವಚನದ ‘ಎಸ್’ ಬಿಟ್ಟರೂ ತಪ್ಪು. ರೆಕಾರ್ಡಿಂಗ್ ಒಂದೇ ಸಲ ಕೇಳಿಸುತ್ತಾರೆ, ಹಾಗಾಗಿ ಒಂದು ತಪ್ಪಿಹೋದರೆ ಅಲ್ಲಿಗೇ ಬಿಟ್ಟು ಮುಂದಿನ ಪ್ರಶ್ನೆಗೆ ಕಿವಿ ಕೊಡಿ. ಕಾಗದದ ಪರೀಕ್ಷೆ ಇರುವ ಕಡೆ ಉತ್ತರ ಬರೆದುಕೊಳ್ಳಲು ಕೊನೆಯಲ್ಲಿ 10 ನಿಮಿಷ ಸಿಗುತ್ತದೆ. ಕಂಪ್ಯೂಟರ್‌ನಲ್ಲಿ ಸರಿನೋಡಲು 2 ನಿಮಿಷ ಮಾತ್ರ.

ಪ್ರಶ್ನೆ: ಹತ್ತನೇ ಕ್ಲಾಸಿನವರೆಗೂ ಕನ್ನಡ ಮಾಧ್ಯಮ. ಬರೆಯುತ್ತೇನೆ, ಮಾತಾಡಲು ಹೋದರೆ ಗಂಟಲು ಕಟ್ಟುತ್ತದೆ. ನನ್ನ ಉಚ್ಚಾರಣೆ ಕೇಳಿ ನಗುತ್ತಾರೇನೋ ಅಂತ ಭಯ.

ಯಾರೂ ನಗುವುದಿಲ್ಲ. ಇದನ್ನು ಸಮಾಧಾನಕ್ಕೆ ಹೇಳುತ್ತಿಲ್ಲ. ನಿಮ್ಮ ಮಾತಿನಲ್ಲಿ ಮಾತೃಭಾಷೆಯ ಛಾಯೆ ಇದೆ ಅನ್ನೋ ಕಾರಣಕ್ಕೆ ಅಂಕ ಕಡಿಮೆ ಮಾಡುವುದಿಲ್ಲ. ಕೇಳುವವರಿಗೆ ಸಲೀಸಾಗಿ ಅರ್ಥ ಆಗಬೇಕು, ಅಷ್ಟೇ. ಬ್ರಿಟಿಷರ ಹಾಗೆ ಮಾತಾಡಲು ಹೋಗಿ ಪದ ನುಂಗುವವರಿಗಿಂತ, ನಿಧಾನವಾಗಿ ಬಿಡಿಸಿ ಹೇಳುವವರ ಮಾತು ಚೆನ್ನಾಗಿ ತಲುಪುತ್ತದೆ.

ಸ್ಪೀಕಿಂಗ್ ಅಂದರೆ ಪರೀಕ್ಷಕರ ಜೊತೆ ಒಟ್ಟು 11ರಿಂದ 14 ನಿಮಿಷದ ಮಾತುಕತೆ. ಮಧ್ಯದಲ್ಲಿ ಒಂದು ಕಾರ್ಡ್ ಕೊಡುತ್ತಾರೆ, ಯೋಚಿಸಲು ಒಂದು ನಿಮಿಷ, ಮಾತಾಡಲು ಒಂದರಿಂದ ಎರಡು ನಿಮಿಷ. ಆ ಒಂದು ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ. ‘ನಿಮಗೆ ಸಹಾಯ ಮಾಡಿದ ಒಬ್ಬರ ಬಗ್ಗೆ ಹೇಳಿ’ ಅಂತ ಬಂದರೆ ಹಾಳೆಯ ಮೇಲೆ ಐದೇ ಪದ ಸಾಕು: ಮಳೆ, ಬಸ್ಸು, ಫೈಲು, ಅಪರಿಚಿತ ಹೆಂಗಸು, ಫೋನು. ಜೋರು ಮಳೆ, ಬಸ್ಸಿನಲ್ಲಿ ಸರ್ಟಿಫಿಕೇಟ್ ಇದ್ದ ಫೈಲು ಬಿಟ್ಟು ಇಳಿದೆ, ಯಾರೋ ಒಬ್ಬರು ಅದರೊಳಗಿದ್ದ ನಂಬರಿಗೆ ಫೋನ್ ಮಾಡಿದರು, ಆಮೇಲೆ ಅವರೇ ತಂದುಕೊಟ್ಟರು. ನೋಡಿ, ಕಥೆ ತಾನಾಗೇ ಎರಡು ನಿಮಿಷ ಓಡುತ್ತದೆ. ನೀವು ಮಾತಾಡುತ್ತಿರುವಾಗಲೇ ಪರೀಕ್ಷಕರು ನಿಲ್ಲಿಸಿದರೆ ಗಾಬರಿ ಬೇಡ. ಸಮಯ ಮುಗಿಯಿತು ಅಂತಷ್ಟೇ ಅದರ ಅರ್ಥ.

ಮನೆಯಲ್ಲಿ ದಿನಕ್ಕೊಂದು ಕಾರ್ಡ್ ತೆಗೆದುಕೊಂಡು ಫೋನಿನಲ್ಲಿ ರೆಕಾರ್ಡ್ ಮಾಡಿ. ನಿಮ್ಮ ದನಿ ನೀವೇ ಕೇಳಲು ಮೊದಲ ವಾರ ತುಂಬಾ ಮುಜುಗರ ಆಗುತ್ತದೆ, ಆದರೂ ಕೇಳಿ. ಎಲ್ಲಿ ತಡವರಿಸುತ್ತೀರಿ, ಯಾವ ಪದ ಹತ್ತು ಸಲ ಬರುತ್ತಿದೆ, ಎಲ್ಲಾ ಗೊತ್ತಾಗುತ್ತದೆ.

ಪ್ರಶ್ನೆ: ಐಇಎಲ್‌ಟಿಎಸ್, ಟೋಫೆಲ್, ಪಿಟಿಇ, ಈ ಮೂರು ಇಂಗ್ಲಿಷ್ ಪರೀಕ್ಷೆಗಳಲ್ಲಿ ಯಾವುದು ಸುಲಭ? ಎಷ್ಟು ದಿನ ಓದಬೇಕು?

ಮೊದಲು ನೀವು ಸೇರುವ ಕಡೆ ಯಾವುದನ್ನು ಒಪ್ಪುತ್ತಾರೆ ನೋಡಿ. ಮೂರನ್ನೂ ಒಪ್ಪಿದರೆ, ಎದುರಿಗೆ ಮನುಷ್ಯರಿದ್ದರೆ ಮಾತು ಬರುವವರು ಐಇಎಲ್‌ಟಿಎಸ್ ತೆಗೆದುಕೊಳ್ಳಿ. ಉಳಿದೆರಡರಲ್ಲಿ ಮೈಕಿಗೆ ಮಾತಾಡಬೇಕು, ಕೆಲವರಿಗೆ ಅದೇ ಹಾಯೆನಿಸುತ್ತದೆ. ದಿನ ಎಷ್ಟು ಅಂತ ಈಗಲೇ ಹೇಳಲು ಬರುವುದಿಲ್ಲ. ಇವತ್ತೇ ಒಂದು ಪೂರ್ತಿ ಮಾದರಿ ಪರೀಕ್ಷೆ ಸಮಯ ಇಟ್ಟು ಬರೆಯಿರಿ. ಬೇಕಾದ್ದಕ್ಕಿಂತ ಅರ್ಧ ಬ್ಯಾಂಡ್ ಕಡಿಮೆ ಇದ್ದರೆ ಎರಡು ತಿಂಗಳು ಇಟ್ಟುಕೊಳ್ಳಿ, ಒಂದೂವರೆ ಕಡಿಮೆ ಇದ್ದರೆ ಈಗಲೇ ದಿನಾಂಕ ಬುಕ್ ಮಾಡಲು ಹೋಗಬೇಡಿ. ಫಲಿತಾಂಶಕ್ಕೆ ಎರಡು ವರ್ಷ ಮಾತ್ರ ಬೆಲೆ, ಹಾಗಾಗಿ ಕೋರ್ಸ್ ಯಾವಾಗ ಸೇರುತ್ತೀರಿ ಅಂತ ಗೊತ್ತಿಲ್ಲದೆ ಸುಮ್ನೆ ಬೇಗ ಬರೆದಿಡುವುದೂ ಬೇಡ.