ಊರಿನ ಸಮಿತಿ ಮಾಡಿದ 20 ವರ್ಷದ ಯೋಜನೆಗೆ ಪುರಸಭೆಯಿಂದ ಉತ್ತರವಿಲ್ಲ, ಮುಂದೇನು?

ಬಹುಶಃ ನಿಮ್ಮ ಮನವಿ ತಪ್ಪು ಮೇಜಿನ ಮೇಲೆ ಕೂತಿದೆ. ಎಲ್ಲಿ ಮನೆ, ಎಲ್ಲಿ ರಸ್ತೆ, ಎಲ್ಲಿ ಪಾರ್ಕ್ ಅಂತ ಹೇಳೋದು ಮಹಾಯೋಜನೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಅದನ್ನು ಮಾಡುವುದು ಯೋಜನಾ ಪ್ರಾಧಿಕಾರ. ಕೆಲವು ಊರುಗಳಲ್ಲಿ ಆ ಹೊಣೆ ಪುರಸಭೆಗೇ ಇರುತ್ತದೆ. ನಿಮ್ಮದು ಯಾವ ಥರ ಅಂತ ನೀವು ಬರೆದಿದ್ದರಲ್ಲಿ ತಿಳಿಯಲಿಲ್ಲ.

ಮೊದಲು ಅದನ್ನೇ ಮಾಹಿತಿ ಹಕ್ಕಿನಡಿ ಕೇಳಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಹಾಗಾಗಿ ಕತೆ ಬೇಡ. ಮಹಾಯೋಜನೆ ಯಾರ ಹೊಣೆ, ಯಾವಾಗ ಜಾರಿಗೆ ಬಂತು, ಪರಿಷ್ಕರಣೆ ಎಲ್ಲಿಗೆ ಬಂದಿದೆ, ಇಷ್ಟೇ. ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಕಾಯ್ದೆಯಲ್ಲೇ ಇದೆ.

ಉತ್ತರ ಬರುವಷ್ಟರಲ್ಲಿ ನಿಮ್ಮ ಯೋಜನೆಯನ್ನು ಸಣ್ಣ ಸಣ್ಣ ಬೇಡಿಕೆಗಳಾಗಿ ಒಡೆಯಿರಿ. 'ಕೆರೆ ಉಳಿಸಬೇಕು' ಅಂತ ಬರೆದರೆ ಯಾರೂ ನೋಡುವುದಿಲ್ಲ. ದಿಶಾಂಕ್ ಆ್ಯಪ್ ಹಿಡಿದು ಕೆರೆ ಏರಿ ಮೇಲೆ ನಡೆಯಿರಿ, ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಒಂದೊಂದು ನಂಬರಿಗೆ ಒಂದೊಂದು ಸಾಲಿನ ಬೇಡಿಕೆ ಬರೆಯಿರಿ. ಮಹಾಯೋಜನೆಯ ಕರಡು ಪ್ರಕಟವಾಗಿ ಆಕ್ಷೇಪಣೆ ಕರೆದಾಗ ಅದನ್ನೇ ಕೊಟ್ಟು, ನಿಮ್ಮ ಪ್ರತಿ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಮೊಹರಿಲ್ಲದಿದ್ದರೆ ಕೊಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ.

ಚರಂಡಿ, ಬೀದಿ ದೀಪದಂಥವನ್ನು ಇದರಿಂದ ತೆಗೆದುಬಿಡಿ. ಅವು ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗಲಿ. ಸಭೆ ಯಾವಾಗ ಅಂತ ಡಿಸೆಂಬರ್‌ನಿಂದಲೇ ಮುಖ್ಯಾಧಿಕಾರಿಯ ಕಚೇರಿಯಲ್ಲಿ ವಿಚಾರಿಸುತ್ತಿರಿ.