ಕ್ಷೀರಪಥದ ಮರಿ ಗೆಲಾಕ್ಸಿಗಳು

ಪ್ರಶ್ನೆ: ಕ್ಷೀರಪಥವನ್ನು ಸುತ್ತುವ ಪುಟ್ಟ ಗೆಲಾಕ್ಸಿಗಳನ್ನು ಹೇಗೆ ಹುಡುಕುತ್ತಾರೆ? ಪುಣೆಯಿಂದ ಕಾಣುತ್ತವೆಯೇ?
– ಓದುಗರೊಬ್ಬರು, ಕೋಥ್ರುಡ್

ಉತ್ತರ: ಪುಣೆಯಿಂದ ಆಸೆ ಬಿಡಿ. ಇವುಗಳಲ್ಲಿ ಅತಿ ಪ್ರಕಾಶಮಾನವಾದ ದೊಡ್ಡ ಮೆಗೆಲ್ಲಾನಿಕ್ ಮೋಡ ಎಂಬ ಗೆಲಾಕ್ಸಿಯ ನಡುಭಾಗವೇ ಅಲ್ಲಿ ದಿಗಂತದಿಂದ 2 ಡಿಗ್ರಿ ಏರದು, ಧೂಳು ನುಂಗಿಬಿಡುತ್ತದೆ.

ಉಳಿದ ಕುಬ್ಜ (ಪುಟ್ಟ) ಗೆಲಾಕ್ಸಿಗಳಲ್ಲಿ ಹೆಚ್ಚಿನವು ಫೋಟೊದಲ್ಲೂ ಗೆಲಾಕ್ಸಿಯಂತೆ ತೋರವು. ಎರಡು ಫಿಲ್ಟರ್‌ಗಳಲ್ಲಿ ಆಕಾಶ ಸೆರೆಹಿಡಿದು, ಬಣ್ಣ-ಕಾಂತಿ ನಕ್ಷೆಯಲ್ಲಿ (ಪ್ರತಿ ನಕ್ಷತ್ರದ ಬಣ್ಣಕ್ಕೆ ಎದುರಾಗಿ ಹೊಳಪನ್ನು ಗುರುತಿಸಿದ ಚಿತ್ರ) ಹಳೆಯ, ಲೋಹಾಂಶ (ಹೀಲಿಯಂಗಿಂತ ಭಾರದ ಧಾತುಗಳು) ಕಡಿಮೆಯಿರುವ ನಕ್ಷತ್ರಗಳ ರೇಖೆಗೆ ಹೊಂದುವ ಚುಕ್ಕೆಗಳನ್ನಷ್ಟೇ ಉಳಿಸಿಕೊಳ್ಳುತ್ತಾರೆ. ಅವು ದಟ್ಟವಾದಲ್ಲಿ ಕುಬ್ಜ ಗೆಲಾಕ್ಸಿ ಇರುವ ಅನುಮಾನ. ಒಂದೊಂದು ದೂರಕ್ಕೂ ರೇಖೆಯನ್ನು ಸರಿಸಿ ಮತ್ತೆ ಜರಡಿ ಹಿಡಿಯಬೇಕು. ಎಡವುವುದು ಇಲ್ಲೇ: ಬಹುದೂರದ ಮಂಕು ಗೆಲಾಕ್ಸಿಗಳು ನಕ್ಷತ್ರದ ವೇಷ ಹಾಕುತ್ತವೆ.

ಸಿಕ್ಕ ಗೆಲಾಕ್ಸಿಯ ನಕ್ಷತ್ರಗಳ ವೇಗದ ಹರವು ಅಲ್ಲಿನ ಕಪ್ಪು ದ್ರವ್ಯವನ್ನು (ಬೆಳಕು ಬೀರದ, ಗುರುತ್ವದಿಂದಷ್ಟೇ ತಿಳಿಯುವ ದ್ರವ್ಯ) ತೂಗುತ್ತದೆ. ಒಂದನ್ನೊಂದು ಸುತ್ತುವ ಜೋಡಿ ನಕ್ಷತ್ರಗಳು ಆ ಹರವನ್ನು ಉಬ್ಬಿಸುವುದರಿಂದ ವರ್ಷ ಬಿಟ್ಟು ಮತ್ತೆ ಅಳೆಯುವುದು ಲೇಸು. 1999ರಲ್ಲಿ ಕಂಪ್ಯೂಟರ್ ಮಾದರಿಗಳು ಇಂಥ ಗೆಲಾಕ್ಸಿಗಳು ನೂರಾರು ಇರಬೇಕು ಎಂದಾಗ ಕಂಡುಬಂದಿದ್ದದ್ದು ಹತ್ತು-ಹನ್ನೆರಡು. ಉಳಿದವು ಎಲ್ಲಿ ಎಂಬ ತಗಾದೆ ಶುರುವಾದದ್ದು ಆಗ.